ಎದುರು ಕುಳಿತವರಿಗೂ ಒಂದು ಪರದೆ: ಹಲವು ಮಾನಿಟರ್‌ಗಳಲ್ಲಿ ಪೂರ್ಣಪರದೆಯ ನಿರ್ವಹಣೆ

ಕರ್ನಾಟಕ ಸರ್ಕಾರವು 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 177 ತಾಲ್ಲೂಕು ಕೇಂದ್ರಗಳ ಕೌಂಟರುಗಳಲ್ಲಿ ದೊರೆಯುವಂತೆ ಮಾಡಿದಾಗ, ಮೈಸೂರು ಜಿಲ್ಲೆಯ ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ರೈತರೂ 15 ರೂಪಾಯಿ ಶುಲ್ಕ ಕಟ್ಟಿ ತಮ್ಮ ಜಮೀನಿನ ಪಹಣಿಯನ್ನು ಅಚ್ಚು ಮಾಡಿಸಿಕೊಂಡು ಹೋಗುವ ಕಾಲ ಬಂತು. ಆ ವ್ಯವಸ್ಥೆಯ ವಿನ್ಯಾಸದಲ್ಲಿ ಹೆಚ್ಚು ಚರ್ಚೆಗೆ ಬಾರದ, ಆದರೆ ಬಹಳ ಮುಖ್ಯವಾದ ಒಂದು ಅಂಶವಿತ್ತು. ಆಪರೇಟರ್ ನೋಡುವ ಮಾನಿಟರಿನ ಜೊತೆಗೆ, ರೈತನ ಕಡೆಗೆ ಮುಖ ಮಾಡಿದ ಎರಡನೆಯ ಮಾನಿಟರನ್ನೂ ಕೌಂಟರಿನಲ್ಲಿ ಇರಿಸಲಾಗುತ್ತಿತ್ತು. ತನ್ನ ದಾಖಲೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ರೈತ ಕುಳಿತಲ್ಲಿಂದಲೇ ನೋಡಬೇಕು ಎಂಬುದು ಅದರ ಉದ್ದೇಶ. ಇದೇ ತತ್ತ್ವವನ್ನು ಮುಂದೆ ಆಧಾರ್ ನೋಂದಣಿಯೂ ಅಳವಡಿಸಿಕೊಂಡಿತು. ಕರ್ನಾಟಕದಲ್ಲಿ ಆಧಾರ್ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ತುಮಕೂರಿನೊಂದಿಗೆ ಮೈಸೂರು ಜಿಲ್ಲೆಯೂ ಸೇರಿತ್ತು, ಮತ್ತು ನೋಂದಣಿಗೆ ಬಂದವರು ತಮ್ಮ ಹೆಸರು, ವಿಳಾಸ, ಹುಟ್ಟಿದ ದಿನಾಂಕಗಳನ್ನು ತಾವೇ ಓದಿ ಒಪ್ಪಿಗೆ ಕೊಡಲು ಅನುವಾಗುವಂತೆ ಅವರೆದುರಿಗೆ ಪ್ರತ್ಯೇಕ ಮಾನಿಟರ್ ಇರಬೇಕೆಂದು ಆಧಾರ್ ಪ್ರಾಧಿಕಾರವೇ ವಿಧಿಸಿದೆ.

ಹೀಗೆ ಒಂದು ಕಂಪ್ಯೂಟರಿಗೆ ಎರಡು ಮಾನಿಟರ್‌ಗಳನ್ನು ಜೋಡಿಸುವುದು ಇಂದು ಮಹಾನಗರದ ಸಾಫ್ಟ್‌ವೇರ್ ಕಂಪನಿಗಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ತಿ. ನರಸೀಪುರ ತಾಲ್ಲೂಕಿನ ಬನ್ನೂರು, ತಲಕಾಡು, ಮೂಗೂರು, ಸೋಸಲೆ ಹೋಬಳಿಗಳ ಸೇವಾ ಕೌಂಟರುಗಳಿಗೂ, ಪ್ರೊಜೆಕ್ಟರ್ ಹಾಕಿ ಪಾಠ ಮಾಡುವ ಶಾಲೆಗಳಿಗೂ, ಮದುವೆಯ ವಿಡಿಯೋ ಸಂಕಲಿಸುವ ಸ್ಟುಡಿಯೋಗಳಿಗೂ, ಮದುವೆಪತ್ರಿಕೆಯ ವಿನ್ಯಾಸ ಮಾಡುವ ಡಿಟಿಪಿ ಅಂಗಡಿಗಳಿಗೂ ಅದು ದಿನನಿತ್ಯದ ವಿಷಯ. ಆದರೆ ಎರಡನೆಯ ಮಾನಿಟರ್ ಇದ್ದ ಮಾತ್ರಕ್ಕೆ ಅದರಲ್ಲಿ ಕಾಣಬೇಕಾದದ್ದು ಕಾಣುತ್ತದೆ ಎಂದು ಹೇಳಲಾಗದು. ಯಾವುದೋ ಒಂದು ಕಿಟಕಿ ಪೂರ್ಣಪರದೆಗೆ ಹೋದೊಡನೆ ಇನ್ನೊಂದು ಮಾನಿಟರ್ ಕಪ್ಪಾಗುವುದು, ಪಾಠದ ಚಿತ್ರ ಗೋಡೆಯ ಮೇಲೆ ಬೀಳದೆ ಶಿಕ್ಷಕರ ಲ್ಯಾಪ್‌ಟಾಪಿನಲ್ಲೇ ಉಳಿಯುವುದು, ಎದುರಿಗೆ ಕುಳಿತವರ ಪರದೆಯಲ್ಲಿ ಅಕ್ಷರಗಳು ಓದಲಾಗದಷ್ಟು ಸಣ್ಣಗಾಗುವುದು, ಇವೆಲ್ಲವೂ ಸಾಮಾನ್ಯ ತೊಂದರೆಗಳು. ಇವುಗಳಲ್ಲಿ ಬಹುಪಾಲು ತೊಂದರೆಗಳು ಯಂತ್ರದ ದೋಷದಿಂದ ಹುಟ್ಟುವುದಿಲ್ಲ. ಯಾವ ಪರದೆ ಯಾರಿಗಾಗಿ ಎಂಬುದನ್ನು ಮೊದಲೇ ತೀರ್ಮಾನಿಸಿ ಕಂಪ್ಯೂಟರಿಗೆ ತಿಳಿಸದೆ ಇರುವುದರಿಂದ ಹುಟ್ಟುತ್ತವೆ.

ಪೂರ್ಣಪರದೆ ಎಂದರೇನು

ಒಂದು ಕಿಟಕಿಯನ್ನು ದೊಡ್ಡದು ಮಾಡುವುದಕ್ಕೂ ಪೂರ್ಣಪರದೆಗೆ ಒಯ್ಯುವುದಕ್ಕೂ ವ್ಯತ್ಯಾಸವಿದೆ. ಕಿಟಕಿಯ ಮೇಲಂಚಿನ ಚೌಕಾಕಾರದ ಗುಂಡಿಯನ್ನು ಒತ್ತಿದಾಗ ಅದು ಮಾನಿಟರಿನ ಉದ್ದಗಲಕ್ಕೂ ಹರಡಿಕೊಳ್ಳುತ್ತದೆಯಾದರೂ ಅದರ ಶೀರ್ಷಿಕೆಪಟ್ಟಿಯೂ ಪರದೆಯ ಕೆಳಗಿನ ಟಾಸ್ಕ್‌ಬಾರ್ ಎಂಬ ಪಟ್ಟಿಯೂ ಹಾಗೆಯೇ ಉಳಿಯುತ್ತವೆ. ಇದು ಮ್ಯಾಕ್ಸಿಮೈಸ್ ಸ್ಥಿತಿ. ಪೂರ್ಣಪರದೆ, ಅಂದರೆ ಫುಲ್ ಸ್ಕ್ರೀನ್ ಸ್ಥಿತಿಯಲ್ಲಿ ಇವೆಲ್ಲವೂ ಮರೆಯಾಗಿ ಆ ತಂತ್ರಾಂಶವೊಂದೇ ಇಡೀ ಮಾನಿಟರನ್ನು ಆವರಿಸುತ್ತದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೊದಲಾದ ಬ್ರೌಸರುಗಳಲ್ಲಿ ಎಫ್ 11 ಕೀ ಒತ್ತಿದರೆ ಈ ಸ್ಥಿತಿ ಬರುತ್ತದೆ, ಮತ್ತೆ ಅದನ್ನೇ ಒತ್ತಿದರೆ ಹೋಗುತ್ತದೆ. ವಿಡಿಯೋಗಳಲ್ಲಿ ಹೊರಬರಲು ಎಸ್ಕೇಪ್ ಕೀ ಸಾಕು.

ಪೂರ್ಣಪರದೆಯಲ್ಲಿಯೂ ಎರಡು ಬಗೆಗಳುಂಟು. ಮೊದಲನೆಯ ಬಗೆಯಲ್ಲಿ ತಂತ್ರಾಂಶವು ಅಂಚುಗಳಿಲ್ಲದ ಒಂದು ಸಾಮಾನ್ಯ ಕಿಟಕಿಯಾಗಿ ಮಾನಿಟರನ್ನು ಮುಚ್ಚಿಕೊಂಡಿರುತ್ತದೆ, ಆದ್ದರಿಂದ ಬಳಸುವವರು ಪಕ್ಕದ ಮಾನಿಟರಿನಲ್ಲಿ ಬೇರೆ ಕೆಲಸ ಮಾಡಿದರೂ ಅದಕ್ಕೆ ಧಕ್ಕೆಯಾಗುವುದಿಲ್ಲ. ಬ್ರೌಸರುಗಳು, ಪಿಡಿಎಫ್ ಓದುವ ತಂತ್ರಾಂಶಗಳು ಹೆಚ್ಚಾಗಿ ಈ ಬಗೆಯವು. ಎರಡನೆಯ ಬಗೆಯಲ್ಲಿ ತಂತ್ರಾಂಶವು ಮಾನಿಟರಿನ ಪೂರ್ಣ ಹತೋಟಿಯನ್ನು ತನ್ನ ಕೈಗೆ ತೆಗೆದುಕೊಂಡು, ಅಗತ್ಯವೆನಿಸಿದರೆ ಅದರ ರೆಸಲ್ಯೂಶನನ್ನೂ, ಅಂದರೆ ಅಡ್ಡಲಾಗಿ ಮತ್ತು ಉದ್ದಕ್ಕೆ ಎಷ್ಟೆಷ್ಟು ಚುಕ್ಕಿಗಳು ಬೆಳಗಬೇಕೆಂಬ ಲೆಕ್ಕವನ್ನೂ, ಬದಲಿಸಿಬಿಡುತ್ತದೆ. ಹಳೆಯ ಗೇಮ್‌ಗಳಲ್ಲಿ ಪಕ್ಕದ ಮಾನಿಟರಿನ ಮೇಲೆ ಒಮ್ಮೆ ಕ್ಲಿಕ್ಕಿಸಿದೊಡನೆ ಆಟವು ತಟ್ಟನೆ ಕೆಳಗಿಳಿದು ಮಾಯವಾಗುವುದು ಈ ಕಾರಣದಿಂದಲೇ. ಅಂಥ ಗೇಮ್‌ಗಳ ಸೆಟ್ಟಿಂಗ್ಸ್‌ನಲ್ಲಿ ಬಾರ್ಡರ್‌ಲೆಸ್ ಎಂಬ ಆಯ್ಕೆಯಿದ್ದರೆ ಅದನ್ನು ಆರಿಸಿಕೊಳ್ಳುವುದೇ ಪರಿಹಾರ.

ಪೂರ್ಣಪರದೆ ಯಾವ ಮಾನಿಟರಿನಲ್ಲಿ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಸಾಮಾನ್ಯ ಉತ್ತರವೆಂದರೆ, ಆ ಕ್ಷಣದಲ್ಲಿ ಕಿಟಕಿ ಯಾವ ಮಾನಿಟರಿನ ಮೇಲಿದೆಯೋ ಅದರಲ್ಲಿ. ಆದ್ದರಿಂದ ಕಿಟಕಿಯನ್ನು ಮೊದಲು ಬೇಕಾದ ಮಾನಿಟರಿಗೆ ಸಾಗಿಸಿ, ಅನಂತರ ಎಫ್ 11 ಒತ್ತಬೇಕೇ ಹೊರತು ಇದರ ಕ್ರಮವನ್ನು ತಿರುಗಿಸಬಾರದು. ಸಾಗಿಸಲು ಮೌಸ್‌ನಿಂದ ಎಳೆಯಬಹುದು. ವಿಂಡೋಸ್ ಕೀ ಮತ್ತು ಶಿಫ್ಟ್ ಕೀಗಳನ್ನು ಒಟ್ಟಿಗೆ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತುವುದು ಇನ್ನೂ ಸುಲಭ, ಏಕೆಂದರೆ ಎರಡನೆಯ ಮಾನಿಟರಿನ ಮುಖ ಆಪರೇಟರಿಗೆ ಕಾಣದಿದ್ದಾಗಲೂ ಇದು ಕೆಲಸ ಮಾಡುತ್ತದೆ. ಕೆಲವು ತಂತ್ರಾಂಶಗಳು ಮಾತ್ರ ಕಿಟಕಿ ಎಲ್ಲಿದ್ದರೂ ತಮಗೆ ಸೂಚಿಸಿದ ಮಾನಿಟರಿಗೇ ಹೋಗುತ್ತವೆ; ಅವುಗಳ ವಿಚಾರ ಮುಂದೆ ಬರುತ್ತದೆ.

ನಾಲ್ಕು ಸ್ಥಿತಿಗಳು

ವಿಂಡೋಸ್ 98ರಿಂದಲೇ ಒಂದಕ್ಕಿಂತ ಹೆಚ್ಚು ಮಾನಿಟರ್‌ಗಳ ಸೌಲಭ್ಯವಿದ್ದರೂ, ಅವುಗಳ ನಡುವೆ ಬೇಗ ಬದಲಿಸಿಕೊಳ್ಳುವ ಸುಲಭ ಮಾರ್ಗ ಬಂದದ್ದು 2009ರ ವಿಂಡೋಸ್ 7ರಲ್ಲಿ. ವಿಂಡೋಸ್ ಕೀ ಹಿಡಿದು ಪಿ ಅಕ್ಷರ ಒತ್ತಿದರೆ ನಾಲ್ಕು ಆಯ್ಕೆಗಳು ಕಾಣುತ್ತವೆ. ಪಿಸಿ ಸ್ಕ್ರೀನ್ ಓನ್ಲಿ ಎಂದರೆ ಮೊದಲ ಮಾನಿಟರ್ ಮಾತ್ರ ಬೆಳಗುತ್ತದೆ. ಸೆಕೆಂಡ್ ಸ್ಕ್ರೀನ್ ಓನ್ಲಿ ಎಂದರೆ ಎರಡನೆಯದು ಮಾತ್ರ. ಡುಪ್ಲಿಕೇಟ್ ಸ್ಥಿತಿಯಲ್ಲಿ ಎರಡರಲ್ಲೂ ಒಂದೇ ದೃಶ್ಯ ಮೂಡುತ್ತದೆ. ಎಕ್ಸ್‌ಟೆಂಡ್ ಸ್ಥಿತಿಯಲ್ಲಿ ಎರಡು ಮಾನಿಟರ್‌ಗಳು ಸೇರಿ ಒಂದೇ ವಿಶಾಲ ಮೇಜಾಗುತ್ತವೆ, ಒಂದೊಂದರಲ್ಲಿ ಬೇರೆ ಬೇರೆ ಕಿಟಕಿಗಳನ್ನು ಇರಿಸಿಕೊಳ್ಳಬಹುದು.

ಎಕ್ಸ್‌ಟೆಂಡ್ ಆರಿಸಿದರೂ ಎರಡರಲ್ಲೂ ಒಂದೇ ದೃಶ್ಯ ಬರುತ್ತಿದೆ ಎಂಬ ದೂರು ಬಂದರೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕುವ ಮೊದಲು ಕೇಬಲನ್ನು ನೋಡುವುದು ಒಳಿತು. ಕಂಪ್ಯೂಟರಿನಿಂದ ಒಂದೇ ಕೇಬಲ್ ಹೊರಟು, ನಡುವೆ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿಯಲ್ಲಿ ಎರಡಾಗಿ ಒಡೆದಿದ್ದರೆ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಒಂದೇ ಮಾನಿಟರ್. ಎಷ್ಟು ಪ್ರಯತ್ನಿಸಿದರೂ ಅದು ಎರಡಾಗಿ ಕೆಲಸ ಮಾಡದು. ಪ್ರತಿಯೊಂದು ಮಾನಿಟರ್ ತನ್ನ ತಯಾರಕರು ಯಾರು, ತಾನು ಯಾವ ಯಾವ ರೆಸಲ್ಯೂಶನ್‌ಗಳನ್ನು ತೋರಿಸಬಲ್ಲೆ ಎಂಬ ಪುಟ್ಟ ಪರಿಚಯಪತ್ರವನ್ನು ಕೇಬಲಿನ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಇದನ್ನು ಇಡಿಐಡಿ ಎನ್ನುತ್ತಾರೆ. ಸ್ಪ್ಲಿಟರ್ ಇದ್ದಲ್ಲಿ ಎರಡು ಪರಿಚಯಪತ್ರಗಳು ಪ್ರತ್ಯೇಕವಾಗಿ ತಲುಪುವುದಿಲ್ಲ. ಆದ್ದರಿಂದ ಎಚ್‌ಡಿಎಂಐ, ವಿಜಿಎ, ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿಗಳಲ್ಲಿ ಯಾವುದಾದರೂ ಎರಡಕ್ಕೆ ಎರಡು ಪ್ರತ್ಯೇಕ ಕೇಬಲ್ ಹಾಕಬೇಕು. ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್‌ಗಳನ್ನು ಆ ಕಾರ್ಡಿನ ಕಿಂಡಿಗಳಿಗೇ ಹಾಕುವುದು ಸುರಕ್ಷಿತ, ಏಕೆಂದರೆ ಅನೇಕ ಯಂತ್ರಗಳಲ್ಲಿ ಕಾರ್ಡ್ ಇದ್ದಾಗ ಮದರ್‌ಬೋರ್ಡಿನ ಕಿಂಡಿ ತಾನಾಗಿ ನಿಷ್ಕ್ರಿಯವಾಗಿರುತ್ತದೆ.

ಕೌಂಟರಿನ ಎರಡು ಬದಿ

ಸೇವಾ ಕೌಂಟರಿನಲ್ಲಿ ಡುಪ್ಲಿಕೇಟ್ ಮತ್ತು ಎಕ್ಸ್‌ಟೆಂಡ್ ಎಂಬ ಎರಡರಲ್ಲಿ ಯಾವುದು ತಕ್ಕದ್ದು ಎಂಬುದು ಆಲೋಚಿಸಿ ನಿರ್ಧರಿಸಬೇಕಾದ ವಿಷಯ, ಮತ್ತು ಈ ಲೇಖನದ ತೂಕವೆಲ್ಲ ಈ ಪ್ರಶ್ನೆಯ ಮೇಲಿದೆ. ಡುಪ್ಲಿಕೇಟ್ ಸ್ಥಿತಿಯ ದೊಡ್ಡ ಗುಣವೆಂದರೆ ಆಪರೇಟರ್ ಏನು ನೋಡುತ್ತಾರೋ ಅದನ್ನೇ ಎದುರಿಗೆ ಕುಳಿತವರೂ ನೋಡುತ್ತಾರೆ. ಹೆಸರಿನ ಒಂದೊಂದು ಅಕ್ಷರ ಬೀಳುವಾಗಲೂ ಅವರಿಗೆ ಅದು ಕಾಣುತ್ತದೆ, ತಪ್ಪಿದ್ದರೆ ಅಲ್ಲೇ ಹೇಳಬಹುದು, ಮತ್ತು ಕಿಟಕಿಯನ್ನು ಸಾಗಿಸಲು ಆಪರೇಟರ್ ಮರೆತರು ಎಂಬ ಸಂದರ್ಭವೇ ಬರುವುದಿಲ್ಲ. ಎದುರಿನವರ ಮಾನಿಟರಿನ ಬೆನ್ನು ಮಾತ್ರ ಆಪರೇಟರಿಗೆ ಕಾಣುವ ಕೌಂಟರಿನಲ್ಲಿ, ಕಾಣದ ಪರದೆಯ ಮೇಲೆ ಮೌಸ್ ಓಡಿಸುವುದು ಕಷ್ಟ. ಈ ಕಾರಣಗಳಿಂದ ದಾಖಲೆ ತುಂಬಿಸುವ, ತಿದ್ದುವ ಕೌಂಟರುಗಳಲ್ಲಿ ಡುಪ್ಲಿಕೇಟ್ ಸ್ಥಿತಿಯನ್ನೇ ಸ್ಥಿರವಾಗಿ ಇರಿಸಿ, ತುಂಬಿಸುವ ಅರ್ಜಿಯನ್ನು ಪೂರ್ಣಪರದೆಗೆ ಒಯ್ಯುವುದು ಉತ್ತಮ. ಹಾಗೆ ಮಾಡಿದಾಗ ಆಪರೇಟರಿನ ಬೇರೆ ಕಿಟಕಿಗಳು, ಕಡತಗಳ ಹೆಸರುಗಳು, ತೆರೆದಿಟ್ಟ ಇತರ ಪುಟಗಳ ಶೀರ್ಷಿಕೆಗಳು ಎದುರಿನವರ ಕಣ್ಣಿಗೆ ಬೀಳದೆ ಅರ್ಜಿಯೊಂದೇ ಉಳಿಯುತ್ತದೆ.

ಈ ಸ್ಥಿತಿಗೆ ಒಂದು ತೊಡಕಿದೆ. ಎರಡು ಮಾನಿಟರ್‌ಗಳ ರೆಸಲ್ಯೂಶನ್ ಬೇರೆ ಬೇರೆಯಾಗಿದ್ದರೆ ಕಂಪ್ಯೂಟರ್ ಎರಡಕ್ಕೂ ಒಗ್ಗುವ ಒಂದೇ ಅಳತೆಯನ್ನು ಹುಡುಕಿಕೊಳ್ಳುತ್ತದೆ. ಆಪರೇಟರಿನ ಬಳಿ 1920 ಅಡ್ಡ 1080 ಚುಕ್ಕಿಗಳ ಮಾನಿಟರ್ ಇದ್ದು ಎದುರಿಗೆ 1366 ಅಡ್ಡ 768ರ ಹಳೆಯ ಮಾನಿಟರ್ ಇದ್ದರೆ, ಎರಡರಲ್ಲಿ ಒಂದಾದರೂ ತನ್ನ ಸ್ವಂತ ಅಳತೆ ಬಿಟ್ಟು ಬೇರೆಯ ಅಳತೆಯಲ್ಲಿ ಬೆಳಗಬೇಕಾಗುತ್ತದೆ, ಹಾಗಾಗಿ ಅದರ ಅಕ್ಷರಗಳು ಮಸುಕಾಗುತ್ತವೆ. ಮಸುಕಿನ ಪರದೆ ಹೆಚ್ಚಾಗಿ ಎದುರಿಗೆ ಕುಳಿತವರ ಪಾಲಿಗೇ ಬರುತ್ತದೆ, ಏಕೆಂದರೆ ಹೊಸ ಮಾನಿಟರನ್ನು ಆಪರೇಟರಿಗೂ ಹಳೆಯದನ್ನು ಜನರಿಗೂ ಕೊಡುವುದು ರೂಢಿ. ಈ ರೂಢಿಯನ್ನು ಬದಲಿಸಬೇಕು. ದಿನಕ್ಕೆ ಎಂಟು ಗಂಟೆ ಒಂದೇ ನಮೂನೆಯ ಅರ್ಜಿಯನ್ನು ನೋಡುವ ಆಪರೇಟರಿಗೆ ಪರದೆಯ ಮೇಲೆ ಏನೆಲ್ಲಿದೆ ಎಂಬುದು ಕಣ್ಣುಮುಚ್ಚಿದರೂ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಬರುವ, ಕನ್ನಡಕ ಮನೆಯಲ್ಲಿ ಮರೆತು ಬಂದಿರಬಹುದಾದ ಹಿರಿಯರಿಗೆ ಗೊತ್ತಿರುವುದಿಲ್ಲ. ಎರಡು ಒಂದೇ ಅಳತೆಯ ಮಾನಿಟರ್‌ಗಳನ್ನು ಕೊಳ್ಳುವುದು ಸಾಧ್ಯವಿದ್ದರೆ ಒಳ್ಳೆಯದು; ಇಲ್ಲದಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಡಿಸ್‌ಪ್ಲೇ ಪುಟವನ್ನು ತೆರೆದು, ಎದುರಿನವರ ಮಾನಿಟರಿನ ಸ್ವಂತ ಅಳತೆಯನ್ನೇ ಎರಡಕ್ಕೂ ಆರಿಸಬೇಕು.

ಕನ್ನಡ ಬರಹಕ್ಕೆ ಈ ವಿಷಯ ಇಂಗ್ಲಿಷಿಗಿಂತ ಹೆಚ್ಚು ಮುಖ್ಯವಾದುದು. ಇಂಗ್ಲಿಷಿನ ಸಣ್ಣ ಅಕ್ಷರ ಮಸುಕಾದರೂ ಊಹಿಸಿಕೊಳ್ಳಬಹುದು, ಆದರೆ ಕನ್ನಡದಲ್ಲಿ ಒಂದು ಚುಕ್ಕಿಯೇ ಅಕ್ಷರವನ್ನು ಬದಲಿಸುತ್ತದೆ. ‘ಧ’ ಮತ್ತು ‘ಥ’ಗಳ ನಡುವಿನ ಅಂತರ ಹೊಟ್ಟೆಯೊಳಗಿನ ಒಂದು ಚುಕ್ಕಿ, ‘ಮಂಜುನಾಥ’ ಎಂದಿರಬೇಕಾದಲ್ಲಿ ‘ಮಂಜುನಾಧ’ ಎಂದು ಬಿದ್ದರೆ ಸಣ್ಣ ಅಕ್ಷರದ ಪರದೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ‘ಲಕ್ಷ್ಮಮ್ಮ’ ಎಂಬ ಹೆಸರಿನಲ್ಲಿ ಕಕಾರದ ಕೆಳಗೆ ಷಕಾರ, ಮಕಾರ ಎರಡು ಒತ್ತುಗಳಾಗಿ ಕೂಡುತ್ತವೆ. ಸಾಲುಗಳ ನಡುವಿನ ಜಾಗ ಸಾಲದಿದ್ದರೆ ಒತ್ತುಗಳ ತುದಿ ಪೆಟ್ಟಿಗೆಯ ಅಂಚಿನಲ್ಲಿ ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ತುಂಬಿದ ಹೆಸರನ್ನು ಯಂತ್ರವೇ ಕನ್ನಡ ಲಿಪಿಗೆ ತರುವ ಆಧಾರ್ ಅರ್ಜಿಯಂಥ ಕಡೆಗಳಲ್ಲಿ ಇಂಥ ತಪ್ಪುಗಳು ಹೇರಳ, ಅವುಗಳನ್ನು ಹಿಡಿಯಬಲ್ಲವರು ಆ ಹೆಸರಿನವರೇ. ಆದ್ದರಿಂದ ಡಿಸ್‌ಪ್ಲೇ ಪುಟದಲ್ಲಿರುವ ಸ್ಕೇಲ್ ಎಂಬ ಆಯ್ಕೆಯನ್ನು, ಅಂದರೆ ಅಕ್ಷರ ಮತ್ತು ಗುಂಡಿಗಳ ಗಾತ್ರವನ್ನು ನಿರ್ಧರಿಸುವ ಅಳತೆಯನ್ನು, 100ರಿಂದ 125 ಅಥವಾ 150 ಪ್ರತಿಶತಕ್ಕೆ ಏರಿಸುವುದು ಒಳಿತು. ಅರ್ಜಿ ಬ್ರೌಸರಿನಲ್ಲಿದ್ದರೆ ಕಂಟ್ರೋಲ್ ಕೀ ಹಿಡಿದು ಅಧಿಕ ಚಿಹ್ನೆ ಒತ್ತುವುದರಿಂದ ಆ ಪುಟದ ಅಕ್ಷರಗಳನ್ನಷ್ಟೇ ಹಿಗ್ಗಿಸಬಹುದು; ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನ ಗಾತ್ರ ಮರಳುತ್ತದೆ.

ಪಹಣಿಯಂಥ ದಾಖಲೆಯನ್ನು ತೋರಿಸುವಾಗ ಮಾತ್ರ ಎಕ್ಸ್‌ಟೆಂಡ್ ಸ್ಥಿತಿಯ ಅನುಕೂಲ ತಿಳಿಯುತ್ತದೆ. ಪಹಣಿ ಅಡ್ಡಲಾಗಿ ಹರಡಿದ, ಅನೇಕ ಕಾಲಂಗಳ ಪುಟ. ಅದರ 9ನೆಯ ಕಾಲಂನಲ್ಲಿರುವ ಮಾಲೀಕರ ಹೆಸರನ್ನೂ ವಿಸ್ತೀರ್ಣವನ್ನೂ ರೈತರು ನಿಧಾನವಾಗಿ ಓದುತ್ತಿರುವಾಗ ಆಪರೇಟರ್ ತಮ್ಮ ಮಾನಿಟರಿನಲ್ಲಿ ಮುಂದಿನ ಕೆಲಸಕ್ಕೆ ತೊಡಗಬಹುದು. ಇದಕ್ಕಾಗಿ ಪಹಣಿಯ ಪಿಡಿಎಫನ್ನು ತೆರೆದು, ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀಗಳಿಂದ ಎದುರಿನವರ ಮಾನಿಟರಿಗೆ ಕಳುಹಿಸಿ, ಬ್ರೌಸರಿನಲ್ಲಾದರೆ ಎಫ್ 11, ಅಡೋಬಿ ರೀಡರಿನಲ್ಲಾದರೆ ಕಂಟ್ರೋಲ್ ಮತ್ತು ಎಲ್ ಒತ್ತಬೇಕು. ಅಡೋಬಿ ರೀಡರಿನ ಪ್ರಿಫರೆನ್ಸಸ್‌ನಲ್ಲಿ ಫುಲ್ ಸ್ಕ್ರೀನ್ ಎಂಬ ವಿಭಾಗವಿದ್ದು, ಯಾವ ಮಾನಿಟರನ್ನು ಬಳಸಬೇಕು ಎಂಬುದನ್ನು ಅಲ್ಲಿ ಒಮ್ಮೆ ಗೊತ್ತುಪಡಿಸಿದರೆ ಪ್ರತಿ ಸಲ ಸಾಗಿಸುವ ಶ್ರಮ ತಪ್ಪುತ್ತದೆ. ಎಕ್ಸ್‌ಟೆಂಡ್ ಸ್ಥಿತಿಯಲ್ಲಿ ಎರಡು ಮಾನಿಟರ್‌ಗಳಿಗೂ ಬೇರೆ ಬೇರೆ ರೆಸಲ್ಯೂಶನ್, ಬೇರೆ ಬೇರೆ ಸ್ಕೇಲ್ ಇಡಬಹುದಾದ್ದರಿಂದ ಮಸುಕಿನ ಪ್ರಶ್ನೆಯೂ ಏಳುವುದಿಲ್ಲ.

ಈ ಸ್ಥಿತಿಯನ್ನು ಆರಿಸಿದವರು ಮಾನಿಟರ್‌ಗಳ ಜೋಡಣೆಯನ್ನು ಒಮ್ಮೆ ಸರಿಪಡಿಸಿಕೊಳ್ಳಬೇಕು. ಡಿಸ್‌ಪ್ಲೇ ಪುಟದಲ್ಲಿ 1, 2 ಎಂಬ ಅಂಕಿಗಳುಳ್ಳ ಎರಡು ಆಯತಗಳು ಕಾಣುತ್ತವೆ. ಐಡೆಂಟಿಫೈ ಗುಂಡಿಯನ್ನು ಒತ್ತಿದರೆ ಯಾವ ಅಂಕಿ ಯಾವ ಮಾನಿಟರಿನದು ಎಂಬುದು ಆಯಾ ಪರದೆಯ ಮೇಲೆಯೇ ದೊಡ್ಡದಾಗಿ ಮೂಡುತ್ತದೆ. ಆಯತಗಳನ್ನು ಎಳೆದು, ಮೇಜಿನ ಮೇಲೆ ಮಾನಿಟರ್‌ಗಳು ಇರುವ ಕ್ರಮದಲ್ಲಿಯೇ ಇಡಬೇಕು. ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ಬದು ಕೂಡಿದ ಕಡೆಯಷ್ಟೇ ಒಂದರಿಂದ ಇನ್ನೊಂದಕ್ಕೆ ದಾಟಬಹುದಾದ ಹಾಗೆ, ಆಯತಗಳ ಅಂಚುಗಳು ತಾಗಿದ ಭಾಗದಲ್ಲಿ ಮಾತ್ರ ಮೌಸ್‌ನ ಬಾಣ ಆಚೆಗೆ ಹೋಗುತ್ತದೆ. ಆಪರೇಟರಿನ ಮಾನಿಟರನ್ನು ಆರಿಸಿಕೊಂಡು ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ ಎಂಬ ಆಯ್ಕೆಗೆ ಗುರುತು ಹಾಕುವುದೂ ಅವಶ್ಯ. ಹೊಸ ಕಿಟಕಿಗಳು, ಸೂಚನೆಗಳು ಹೆಚ್ಚಾಗಿ ತೆರೆದುಕೊಳ್ಳುವುದು ಈ ಮುಖ್ಯ ಮಾನಿಟರಿನ ಮೇಲೆಯೇ ಆದ್ದರಿಂದ, ಎದುರಿನವರ ಪರದೆ ಅವುಗಳಿಂದ ಮುಕ್ತವಾಗಿರುತ್ತದೆ.

ಸೂಚನೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆಪರೇಟರಿಗೆ ಬಂದ ವಾಟ್ಸ್‌ಆ್ಯಪ್ ಸಂದೇಶವೋ, ಫೋನನ್ನು ಕಂಪ್ಯೂಟರಿಗೆ ಜೋಡಿಸಿದ್ದರೆ ಯಾರದೋ ಒಟಿಪಿಯೋ, ಪರದೆಯ ಮೂಲೆಯಲ್ಲಿ ಮೂಡಿ ಸರದಿಯಲ್ಲಿ ನಿಂತವರಿಗೆಲ್ಲ ಕಾಣುವುದು ಸಣ್ಣ ವಿಷಯವಲ್ಲ. ವಿಂಡೋಸ್ 11ರಲ್ಲಿ ಸಿಸ್ಟಂ ವಿಭಾಗದ ನೋಟಿಫಿಕೇಶನ್ಸ್ ಪುಟದಲ್ಲಿ ಡು ನಾಟ್ ಡಿಸ್ಟರ್ಬ್ ತಾನಾಗಿ ಜಾರಿಗೆ ಬರಬೇಕಾದ ಸಂದರ್ಭಗಳನ್ನು ಕೊಡಲಾಗಿದೆ. ಪರದೆಯನ್ನು ಡುಪ್ಲಿಕೇಟ್ ಮಾಡಿದಾಗ ಎಂಬುದಕ್ಕೂ, ತಂತ್ರಾಂಶ ಪೂರ್ಣಪರದೆಯಲ್ಲಿದ್ದಾಗ ಎಂಬುದಕ್ಕೂ ಗುರುತು ಹಾಕಿರಬೇಕು. ಎಕ್ಸ್‌ಟೆಂಡ್ ಸ್ಥಿತಿಗೆಂದು ಪ್ರತ್ಯೇಕ ಆಯ್ಕೆ ಅಲ್ಲಿಲ್ಲ, ಆದ್ದರಿಂದ ಆ ಸ್ಥಿತಿಯಲ್ಲಿ ಕೆಲಸ ಮಾಡುವವರು ಡು ನಾಟ್ ಡಿಸ್ಟರ್ಬನ್ನು ತಾವೇ ಚಾಲೂ ಮಾಡಿಕೊಳ್ಳಬೇಕು. ಒಬ್ಬರ ಕೆಲಸ ಮುಗಿದು ಮುಂದಿನವರು ಕುರ್ಚಿಗೆ ಬರುವ ಮುನ್ನ ಹಿಂದಿನವರ ದಾಖಲೆಯನ್ನು ಮುಚ್ಚುವುದು ಅಷ್ಟೇ ಮುಖ್ಯ. ತುರ್ತಿಗೆ ವಿಂಡೋಸ್ ಕೀ ಮತ್ತು ಡಿ ಒತ್ತಿದರೆ ಎಲ್ಲ ಮಾನಿಟರ್‌ಗಳ ಕಿಟಕಿಗಳೂ ಒಟ್ಟಿಗೆ ಮರೆಯಾಗುತ್ತವೆ.

ಶಾಲೆಯ ಪ್ರೊಜೆಕ್ಟರ್

ಕಂಪ್ಯೂಟರಿನ ದೃಷ್ಟಿಯಲ್ಲಿ ಪ್ರೊಜೆಕ್ಟರ್ ಕೂಡ ಒಂದು ಮಾನಿಟರ್. ಆದರೆ ಕೌಂಟರಿಗೆ ಹೇಳಿದ ಸಲಹೆ ತರಗತಿಗೆ ತಿರುವುಮುರುವಾಗುತ್ತದೆ, ಏಕೆಂದರೆ ಅಲ್ಲಿ ಮಕ್ಕಳು ನೋಡಬೇಕಾದದ್ದು ಶಿಕ್ಷಕರ ಪರದೆಯ ಪ್ರತಿಯನ್ನಲ್ಲ, ಪಾಠದ ಚಿತ್ರವನ್ನು. ಎಕ್ಸ್‌ಟೆಂಡ್ ಸ್ಥಿತಿಯಲ್ಲಿಟ್ಟು ಪವರ್‌ಪಾಯಿಂಟಿನ ಸ್ಲೈಡ್ ಶೋ ವಿಭಾಗದಲ್ಲಿ ಯೂಸ್ ಪ್ರೆಸೆಂಟರ್ ವ್ಯೂ ಎಂಬುದಕ್ಕೆ ಗುರುತು ಹಾಕಿದರೆ, ಗೋಡೆಯ ಮೇಲೆ ಸ್ಲೈಡ್ ಮಾತ್ರ ಪೂರ್ಣಪರದೆಯಲ್ಲಿ ಬೀಳುತ್ತದೆ; ಶಿಕ್ಷಕರ ಲ್ಯಾಪ್‌ಟಾಪಿನಲ್ಲಿ ಈಗಿನ ಸ್ಲೈಡ್, ಮುಂದಿನ ಸ್ಲೈಡ್, ಅವರು ಬರೆದಿಟ್ಟುಕೊಂಡ ಟಿಪ್ಪಣಿ ಮತ್ತು ಕಳೆದ ಸಮಯ ಇವೆಲ್ಲ ಕಾಣುತ್ತವೆ. ಎರಡೂ ಅದಲುಬದಲಾಗಿ, ಟಿಪ್ಪಣಿ ಗೋಡೆಗೆ ಹೋದರೆ ಗಾಬರಿಯಾಗಬೇಕಿಲ್ಲ. ಪ್ರೆಸೆಂಟರ್ ವ್ಯೂನ ಮೇಲ್ಭಾಗದ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ವಾಪ್ ಎಂಬ ಆಯ್ಕೆ ಒತ್ತಿದರೆ ಸಾಕು. ಸ್ಲೈಡ್ ಶೋ ವಿಭಾಗದಲ್ಲಿಯೇ ಇರುವ ಮಾನಿಟರ್ ಎಂಬ ಪಟ್ಟಿಯಲ್ಲಿ ಪ್ರೊಜೆಕ್ಟರನ್ನು ಶಾಶ್ವತವಾಗಿ ಆರಿಸಿಡಲೂಬಹುದು. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿಯೂ ಸ್ಲೈಡ್ ಶೋ ಸೆಟ್ಟಿಂಗ್ಸ್‌ನೊಳಗೆ ಪ್ರದರ್ಶನಕ್ಕೆ ಯಾವ ಪರದೆ ಬೇಕೆಂಬ ಆಯ್ಕೆ ಇದೆ.

ಚಿತ್ರದ ಆಕಾರದ ಬಗ್ಗೆಯೂ ಗಮನ ಬೇಕು. ಅನೇಕ ಶಾಲಾ ಪ್ರೊಜೆಕ್ಟರುಗಳು 1024 ಅಡ್ಡ 768 ಚುಕ್ಕಿಗಳವು, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಲ್ಯಾಪ್‌ಟಾಪುಗಳ ಪರದೆ ಇದಕ್ಕಿಂತ ಅಗಲ. ಪ್ರೊಜೆಕ್ಟರಿನ ಮೆನುವಿನಲ್ಲಿ ಆಕಾರವನ್ನು ತಪ್ಪಾಗಿ ಇಟ್ಟಿದ್ದರೆ ಚಿತ್ರ ಎಳೆದಂತೆಯೋ ಅದುಮಿದಂತೆಯೋ ಕಾಣುತ್ತದೆ. ತಿ. ನರಸೀಪುರ ತಾಲ್ಲೂಕಿನದೇ ಆದ, 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯವನ್ನು ಮಕ್ಕಳಿಗೆ ತೋರಿಸುವಾಗ ಅದರ ಗೋಪುರಗಳು ಮೋಟಾಗಿ, ನಕ್ಷತ್ರಾಕಾರದ ಜಗತಿ ಎಳೆದಂತಾಗಿ ಕಂಡರೆ ಹೊಯ್ಸಳ ಶಿಲ್ಪದ ಪ್ರಮಾಣಬದ್ಧತೆಯ ಕುರಿತ ಪಾಠವೇ ಕೆಡುತ್ತದೆ. ಎಕ್ಸ್‌ಟೆಂಡ್ ಸ್ಥಿತಿಯಲ್ಲಿ ಪ್ರೊಜೆಕ್ಟರಿಗೆ ಅದರ ಸ್ವಂತ ಅಳತೆಯನ್ನೇ ಕೊಟ್ಟು, ಪ್ರೊಜೆಕ್ಟರಿನ ಮೆನುವಿನಲ್ಲಿ ಆ್ಯಸ್ಪೆಕ್ಟ್ ಎಂಬುದನ್ನು ಆಟೋಗೆ ಇಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದರೂ ಚಿತ್ರದ ಆಕಾರ ಸರಿಯಾಗಿರುತ್ತದೆ. ಆ ಕಪ್ಪು ಪಟ್ಟಿಯನ್ನು ತೆಗೆಯಲು ಹೋಗದಿರುವುದೇ ಲೇಸು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಆಧಾರಿತ ಕೈಟ್ ವ್ಯವಸ್ಥೆ. ಲಿನಕ್ಸಿನ ಗ್ನೋಮ್ ಪರಿಸರದಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಪುಟಕ್ಕೆ ಹೋದರೆ ಮಿರರ್ ಮತ್ತು ಜಾಯಿನ್ ಎಂಬ ಹೆಸರುಗಳು ಕಾಣುತ್ತವೆ. ಮೊದಲನೆಯದು ಡುಪ್ಲಿಕೇಟಿಗೂ ಎರಡನೆಯದು ಎಕ್ಸ್‌ಟೆಂಡಿಗೂ ಸಮಾನ. ಅಲ್ಲಿಯೂ ವಿಂಡೋಸ್ ಕೀ ಮತ್ತು ಪಿ ಒತ್ತಿ ಸ್ಥಿತಿ ಬದಲಿಸಬಹುದು.

ಮ್ಯಾಕ್ ಬಳಸುವವರು ಒಂದೇ ಅಂಶವನ್ನು ತಿಳಿದಿದ್ದರೆ ಸಾಕು. 2011ರ ಲಯನ್ ಆವೃತ್ತಿಯಲ್ಲಿ ಪೂರ್ಣಪರದೆ ಬಂದಾಗ, ಒಂದು ಮಾನಿಟರಿನಲ್ಲಿ ತಂತ್ರಾಂಶ ಪೂರ್ಣಪರದೆಗೆ ಹೋದರೆ ಇನ್ನೊಂದು ಮಾನಿಟರ್ ಬಳಕೆಗೆ ಬಾರದಂತಾಗುತ್ತಿತ್ತು. 2013ರ ಮಾವೆರಿಕ್ಸ್ ಆವೃತ್ತಿ ಇದನ್ನು ಸರಿಪಡಿಸಿತು. ಈಗ ಸಿಸ್ಟಂ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಅಂಡ್ ಡಾಕ್ ಪುಟದಲ್ಲಿ ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್ ಎಂಬ ಆಯ್ಕೆ ಚಾಲೂ ಇರಬೇಕು; ಯಾರಾದರೂ ಅದನ್ನು ಆಫ್ ಮಾಡಿದ್ದರೆ ಎರಡನೆಯ ಮಾನಿಟರ್ ಮತ್ತೆ ಕಪ್ಪಾಗುತ್ತದೆ. ಆಯ್ಕೆ ಬದಲಿಸಿದ ಮೇಲೆ ಲಾಗ್‌ಔಟ್ ಆಗಿ ಮರಳಿ ಬಂದರಷ್ಟೇ ಅದು ಜಾರಿಗೆ ಬರುತ್ತದೆ.

ವಿಡಿಯೋ ಮತ್ತು ದೊಡ್ಡ ಪರದೆಗಳು

ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ, ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆ ಮೊದಲಾದ ದೊಡ್ಡ ಸಮಾರಂಭಗಳಲ್ಲಾಗಲಿ, ಕಲ್ಯಾಣ ಮಂಟಪದ ಮದುವೆಯಲ್ಲಾಗಲಿ, ಎಲ್‌ಇಡಿ ಗೋಡೆಯನ್ನು ನಿಲ್ಲಿಸಿದರೆ ಅದೂ ಲ್ಯಾಪ್‌ಟಾಪಿಗೆ ಎರಡನೆಯ ಮಾನಿಟರಿನಂತೆಯೇ ಕಾಣುತ್ತದೆ. ಇಂಥಲ್ಲಿ ಡುಪ್ಲಿಕೇಟ್ ಸ್ಥಿತಿ ಸಲ್ಲದು; ಮುಂದಿನ ವಿಡಿಯೋವನ್ನು ಕಡತಗಳಲ್ಲಿ ಹುಡುಕುವುದೆಲ್ಲ ಸಭೆಯ ಮುಂದೆ ಬಯಲಾಗುತ್ತದೆ. ವಿಎಲ್‌ಸಿ ಪ್ಲೇಯರಿನ ಟೂಲ್ಸ್ ಮೆನುವಿನಿಂದ ಪ್ರಿಫರೆನ್ಸಸ್ ತೆರೆದು, ವಿಡಿಯೋ ವಿಭಾಗದಲ್ಲಿ ಫುಲ್‌ಸ್ಕ್ರೀನ್ ವಿಡಿಯೋ ಡಿವೈಸ್ ಎಂಬಲ್ಲಿ ಎಲ್‌ಇಡಿ ಗೋಡೆಯನ್ನು ಆರಿಸಿ ಉಳಿಸಿದರೆ, ಪೂರ್ಣಪರದೆಗೆ ಹೋದ ವಿಡಿಯೋ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಪೂರ್ಣಪರದೆಯ ದುರುಪಯೋಗವನ್ನೂ ಇಲ್ಲಿ ಹೇಳಬೇಕು. ಕೆಲವು ಮೋಸದ ಜಾಲತಾಣಗಳು ಬ್ರೌಸರನ್ನು ಪೂರ್ಣಪರದೆಗೆ ಒಯ್ದು, ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಗದ್ದಲದ ಎಚ್ಚರಿಕೆ ತೋರಿಸುತ್ತವೆ. ಟಾಸ್ಕ್‌ಬಾರ್, ವಿಳಾಸಪಟ್ಟಿ ಎಲ್ಲವೂ ಮರೆಯಾಗಿರುವುದರಿಂದ ಯಂತ್ರಕ್ಕೇ ಬೀಗ ಬಿದ್ದಿದೆ ಎಂದು ಬಳಕೆದಾರರು ನಂಬಿಬಿಡುತ್ತಾರೆ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿಯುವುದು, ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್ 4 ಒತ್ತಿ ಬ್ರೌಸರನ್ನೇ ಮುಚ್ಚುವುದು, ಇಷ್ಟೇ ಬೇಕಾದದ್ದು. ಆ ಸಂಖ್ಯೆಗೆ ಕರೆ ಮಾಡಲೇಬಾರದು.

ವಿದ್ಯುತ್ ಹೋಗಿ ಬಂದಾಗ

ಹೋಬಳಿ ಮಟ್ಟದ ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇದ್ದು, ಎರಡನೆಯ ಮಾನಿಟರ್ ಮಾತ್ರ ನೇರ ವಿದ್ಯುತ್ತಿನ ಮೇಲಿದ್ದರೆ ಒಂದು ವಿಚಿತ್ರ ತೊಂದರೆ ಎದುರಾಗಬಹುದು. ಕರೆಂಟು ಹೋದೊಡನೆ ಆ ಮಾನಿಟರ್ ಆರಿಹೋಗುತ್ತದೆ. ವಿಶೇಷವಾಗಿ ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿದ್ದರೆ, ಕಂಪ್ಯೂಟರ್ ಅದನ್ನು ಕಿತ್ತುಹಾಕಲಾಗಿದೆ ಎಂದು ಭಾವಿಸಿ ಅದರ ಮೇಲಿದ್ದ ಕಿಟಕಿಗಳನ್ನೆಲ್ಲ ಮೊದಲ ಮಾನಿಟರಿಗೆ ತಂದು ಪೇರಿಸುತ್ತದೆ. ಕರೆಂಟು ಬಂದಾಗ ಅವು ಸ್ವಸ್ಥಾನಕ್ಕೆ ಮರಳಬೇಕಾದರೆ ವಿಂಡೋಸ್ 11ರ ಡಿಸ್‌ಪ್ಲೇ ಪುಟದ ಮಲ್ಟಿಪಲ್ ಡಿಸ್‌ಪ್ಲೇಸ್ ಎಂಬ ಭಾಗದಲ್ಲಿ, ಕಿಟಕಿಗಳ ಸ್ಥಾನವನ್ನು ಮಾನಿಟರಿನ ಜೋಡಣೆಗೆ ಅನುಸಾರವಾಗಿ ನೆನಪಿಡುವ ಆಯ್ಕೆಗೆ ಗುರುತಿರಬೇಕು. ಅದರ ಪಕ್ಕದಲ್ಲಿಯೇ ಮಾನಿಟರ್ ಕಳಚಿದಾಗ ಕಿಟಕಿಗಳನ್ನು ಕೆಳಗಿಳಿಸುವ ಆಯ್ಕೆಯೂ ಇದ್ದು, ಒಬ್ಬರ ದಾಖಲೆ ಇನ್ನೊಂದು ಪರದೆಗೆ ಹಾರದಂತೆ ಅದು ತಡೆಯುತ್ತದೆ. ಎರಡು ಮಾನಿಟರ್‌ಗಳನ್ನೂ ಒಂದೇ ಯುಪಿಎಸ್‌ಗೆ ಜೋಡಿಸುವುದು ಎಲ್ಲಕ್ಕಿಂತ ನೇರವಾದ ಉಪಾಯ. ಎಲ್‌ಇಡಿ ಮಾನಿಟರ್‌ಗಳಿಗೆ ಬೇಕಾಗುವ ವಿದ್ಯುತ್ ಕಡಿಮೆಯೇ.

ಕಿಟಕಿಯೊಂದು ಯಾವ ಪರದೆಯಲ್ಲೂ ಕಾಣದೆ ಟಾಸ್ಕ್‌ಬಾರಿನಲ್ಲಿ ಮಾತ್ರ ಉಳಿದಿದ್ದರೆ, ಆಲ್ಟ್ ಮತ್ತು ಟ್ಯಾಬ್ ಒತ್ತಿ ಅದನ್ನು ಆರಿಸಿಕೊಂಡು, ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀಯನ್ನು ಒಂದೆರಡು ಸಲ ಒತ್ತಿದರೆ ಅದು ಕಾಣುವ ಪರದೆಗೆ ಬಂದು ಕೂಡುತ್ತದೆ. ಮಾನಿಟರಿಗೆ ವಿದ್ಯುತ್ ಇದ್ದೂ ಪರದೆ ಕಪ್ಪಾಗಿಯೇ ಉಳಿದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಬೇಕು. ಪರದೆ ಒಮ್ಮೆ ಮಿನುಗಿ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಚಾಲೂ ಆಗುತ್ತದೆ, ಮತ್ತು ತೆರೆದಿಟ್ಟ ಅರ್ಜಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದರಿಂದಲೂ ಫಲ ಕಾಣದಿದ್ದರೆ ಮಾನಿಟರಿನ ಅಂಚಿನಲ್ಲಿರುವ ಸೋರ್ಸ್ ಅಥವಾ ಇನ್‌ಪುಟ್ ಗುಂಡಿಯನ್ನು ಒತ್ತಿ, ಕೇಬಲ್ ಹಾಕಿರುವ ಕಿಂಡಿಯನ್ನೇ ಅದು ನೋಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಎದುರಿಗೆ ಕುಳಿತವರ ಕೈ ತಗುಲಿ ಈ ಗುಂಡಿ ಒತ್ತಿಹೋಗುವುದು ಕೌಂಟರುಗಳಲ್ಲಿ ಅಪರೂಪವಲ್ಲ, ಆದ್ದರಿಂದ ಮೆನುವನ್ನು ಬೀಗ ಹಾಕಿಡುವ ಸೌಲಭ್ಯ ಮಾನಿಟರಿನಲ್ಲಿದ್ದರೆ ಅದನ್ನು ಬಳಸುವುದು ಸೂಕ್ತ.